ಹಲ್ಲು ಮೂಡಿದ ಕೂಸಿಗೆ ಎದೆಹಾಲು ಬಿಡಿಸಬೇಕೆ?

ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಕೆಳವಸಡಿನ ಮುಂಭಾಗದಲ್ಲಿ ಅಕ್ಕಿಕಾಳಿನಂತಹ ಎರಡು ಬಿಳಿಯ ತುದಿಗಳು ತೋರುತ್ತವೆ. ಮನೆಮಂದಿಗೆಲ್ಲ ಅದೊಂದು ಸಂಭ್ರಮ. ಆದರೆ ಹಾಲೂಡುವ ತಾಯಿಗೆ ಸಂಭ್ರಮದ ಜೊತೆಗೆ ಅಂಜಿಕೆಯೂ ಹುಟ್ಟುತ್ತದೆ. ಹಾಲು ಕುಡಿಯುತ್ತಿದ್ದ ಕೂಸು ಒಮ್ಮೆ ಕಚ್ಚಿದರೆ ಆ ನೋವು ಸಾಮಾನ್ಯವಾದುದಲ್ಲ. ಮುಂದಿನ ಸಲ ಮಗುವನ್ನು ಎದೆಗೆ ಎತ್ತಿಕೊಳ್ಳುವಾಗ ತಾಯಿಯ ಮೈ ತಾನಾಗಿಯೇ ಬಿಗಿಯುತ್ತದೆ. ಆಗ ಸುತ್ತಲಿನ ಹಿರಿಯರು ಹೇಳುವ ಮಾತು ಬಹುಮಟ್ಟಿಗೆ ಒಂದೇ: “ಹಲ್ಲು ಬಂತಲ್ಲಮ್ಮ, ಇನ್ನು ಹಾಲು ಬಿಡಿಸು.” ಬೇವಿನ ಸೊಪ್ಪನ್ನು ಅರೆದು ಹಚ್ಚಿಕೊಳ್ಳುವ ಉಪಾಯವೂ ಅದರ ಬೆನ್ನಿಗೇ ಬರುತ್ತದೆ. ಹಿರಿಯರ ಕಳಕಳಿ ನಿಜವಾದುದೇ. ಸಲಹೆ ಮಾತ್ರ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಮಗು ಹಾಲು ಕುಡಿಯುವ ಕ್ರಮವನ್ನು ಗಮನಿಸೋಣ. ಮಗುವು ಬಾಯನ್ನು ಅಗಲವಾಗಿ ತೆರೆದು, ಮೊಲೆತೊಟ್ಟನ್ನಷ್ಟೇ ಅಲ್ಲದೆ ಅದರ ಸುತ್ತಲಿನ ಕಪ್ಪು ವಲಯದ ಬಹುಭಾಗವನ್ನೂ ಬಾಯೊಳಕ್ಕೆ ತೆಗೆದುಕೊಳ್ಳುತ್ತದೆ. ಅದರ ನಾಲಗೆ ಮುಂದಕ್ಕೆ ಚಾಚಿಕೊಂಡು ಕೆಳವಸಡನ್ನು, ಅಲ್ಲಿ ಹಲ್ಲಿದ್ದರೆ ಹಲ್ಲನ್ನೂ, ಮುಚ್ಚಿಕೊಂಡಿರುತ್ತದೆ. ಕಚ್ಚಬೇಕಾದರೆ ನಾಲಗೆಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಹಾಗೆ ಎಳೆದುಕೊಂಡೊಡನೆ ಹೀರುವುದು ನಿಲ್ಲುತ್ತದೆ. ಎಂದರೆ, ಸರಿಯಾಗಿ ಬಾಯಿಗೊಟ್ಟು ಹಾಲು ಹೀರುತ್ತಿರುವ ಮಗು ಅದೇ ಕ್ಷಣದಲ್ಲಿ ಕಚ್ಚಲಾರದು. ಕಚ್ಚುವುದು ಹೊಟ್ಟೆ ತುಂಬಿದ ಮೇಲೆ, ಅಥವಾ ತೂಕಡಿಸುವಾಗ, ಅಥವಾ ಹಾಲಿನ ಹರಿವು ಕುಗ್ಗಿ ಬೇಸರ ಬಂದಾಗ, ಇಲ್ಲವೆ ಯಾರದೋ ದನಿಗೆ ತಲೆ ತಿರುಗಿಸುವಾಗ. ವಸಡಿನೊಳಗಿಂದ ಹಲ್ಲು ಮೇಲಕ್ಕೆ ಒತ್ತುತ್ತಿರುವಾಗ ಎದುರಿನಿಂದ ಏನನ್ನಾದರೂ ಒತ್ತಿದರೆ ಮಗುವಿಗೆ ಹಿತವೆನಿಸುತ್ತದೆ. ಸಿಕ್ಕಿದ್ದನ್ನೆಲ್ಲ ಅದು ಕಚ್ಚುವುದು ಅದಕ್ಕಾಗಿಯೇ. ಇದು ಹಟವೂ ಅಲ್ಲ, ತಾಯಿಯ ಹಾಲು ಸಾಕೆಂಬ ಸೂಚನೆಯೂ ಅಲ್ಲ.

ಕಾರಣ ತಿಳಿದರೆ ಉಪಾಯವೂ ತಿಳಿಯುತ್ತದೆ. ಹಾಲೂಡುವ ಮೊದಲು ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯ ತುದಿಯನ್ನು ಕೆಲವು ನಿಮಿಷ ಅಗಿಯಲು ಕೊಡಬಹುದು. ಚೆನ್ನಾಗಿ ತೊಳೆದ ಬೆರಳಿನಿಂದ ವಸಡನ್ನು ಮೆಲ್ಲನೆ ಉಜ್ಜಬಹುದು. ಹಾಲೂಡುವಾಗ ಮಗುವಿನ ದವಡೆಯ ಮೇಲೆ ಕಣ್ಣಿರಲಿ. ನುಂಗುವುದು ನಿಂತು, ದವಡೆ ಬಿಗಿದು, ಮಗು ತೊಟ್ಟಿನ ತುದಿಗೆ ಜಾರತೊಡಗಿತೆಂದರೆ ಕಚ್ಚುವ ಸಮಯ ಬಂತೆಂದು ತಿಳಿಯಬೇಕು. ಆಗ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಿಂದ ವಸಡುಗಳ ನಡುವೆ ಸರಿಸಿದರೆ ಹಿಡಿತ ಬಿಡುತ್ತದೆ. ಹಾಗೆ ಮಾಡದೆ ಎಳೆದರೆ ಗಾಯ ಹೆಚ್ಚಾಗುತ್ತದೆ. ಕಚ್ಚಿದಾಗ ಚೀರಿದರೆ ಕೆಲವು ಮಕ್ಕಳು ಬೆದರಿ ಒಂದೆರಡು ದಿನ ಎದೆಯ ಹತ್ತಿರವೇ ಬಾರದಿರುವುದುಂಟು. ಇನ್ನು ಕೆಲವು ಅದನ್ನೇ ಆಟವೆಂದು ತಿಳಿಯುತ್ತವೆ. ಶಾಂತವಾಗಿ “ಬೇಡ” ಎಂದು ಹೇಳಿ, ಸ್ವಲ್ಪ ಹೊತ್ತು ಹಾಲು ನಿಲ್ಲಿಸಿದರೆ ಸಾಕು. ಕೆಲವೇ ದಿನಗಳಲ್ಲಿ ಮಗು ಕಲಿತುಕೊಳ್ಳುತ್ತದೆ. ಗಾಯವಾಗಿದ್ದರೆ ಮೊದಲು ಇನ್ನೊಂದು ಎದೆಯನ್ನು ಕೊಡಬೇಕು. ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಹಲ್ಲು ಹುಟ್ಟುವುದರ ಮೇಲೆ ಲೋಕವು ಹೊರಿಸಿರುವ ಅಪವಾದಗಳು ಅನೇಕ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಶಿಶುಗಳ ಮರಣಕ್ಕೆ “ಹಲ್ಲು ಮೂಡುವಿಕೆ”ಯೇ ಕಾರಣವೆಂದು ಸರ್ಕಾರಿ ದಾಖಲೆಗಳಲ್ಲಿ ಬರೆಯುತ್ತಿದ್ದರು. ಅಲ್ಲಿ ಮಾರಾಟವಾಗುತ್ತಿದ್ದ ಹಲ್ಲಿನ ಪುಡಿಗಳಲ್ಲಿ ಪಾದರಸದ ಲವಣವಿತ್ತು. ಮಕ್ಕಳ ಕೈಕಾಲುಗಳು ಕೆಂಪೇರಿ ನರಳುವ ಒಂದು ವ್ಯಾಧಿಗೆ ಆ ಪಾದರಸವೇ ಮೂಲವೆಂದು ತಿಳಿದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. 2000ನೆಯ ವರ್ಷದಲ್ಲಿ ಅಮೆರಿಕದ ಕ್ಲೀವ್‌ಲೆಂಡಿನ ವೈದ್ಯರು 125 ಶಿಶುಗಳನ್ನು ದಿನದಿನವೂ ಗಮನಿಸಿ ಪ್ರಕಟಿಸಿದ ವರದಿಯಂತೆ, ಹಲ್ಲು ಮೂಡುವ ಆಸುಪಾಸಿನ ಸುಮಾರು ಎಂಟು ದಿನಗಳಲ್ಲಿ ಜೊಲ್ಲು, ಕಿರಿಕಿರಿ, ಕಚ್ಚುವಿಕೆ ಹೆಚ್ಚುತ್ತವೆ. ಆದರೆ ತೀವ್ರವಾದ ಜ್ವರ ಹಲ್ಲಿನಿಂದ ಬರುವುದಿಲ್ಲ. ಆದುದರಿಂದ ಜ್ವರ, ಭೇದಿಗಳು ಕಂಡಾಗ “ಹಲ್ಲು ಬರುತ್ತಿದೆ” ಎಂದು ಸುಮ್ಮನಿರುವುದು ಅಪಾಯಕರ. ವಸಡಿಗೆ ಹಚ್ಚುವ ಮರಗಟ್ಟಿಸುವ ಔಷಧಗಳೂ ಬೇಡ. ಅವುಗಳಲ್ಲಿ ಕೆಲವದರಲ್ಲಿರುವ ಬೆಂಜೊಕೇನ್ ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನೇ ಕುಗ್ಗಿಸಬಲ್ಲುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2018ರಲ್ಲಿ ಎಚ್ಚರಿಸಿತು. ವರ್ಷ ತುಂಬದ ಮಗುವಿನ ವಸಡಿಗೆ ಜೇನುತುಪ್ಪವನ್ನೂ ಹಚ್ಚಬಾರದು.

ಇಷ್ಟು ತಿಳಿದಿದ್ದರೂ ಅನೇಕ ತಾಯಂದಿರು ಈ ಘಟ್ಟದಲ್ಲಿ ಹಾಲು ಬಿಡಿಸಲು ಮನಸ್ಸು ಮಾಡುತ್ತಾರೆ. ಅದಕ್ಕೆ ನೋವೊಂದೇ ಕಾರಣವಲ್ಲ. ಇದು ಸ್ಪಷ್ಟವಾಗಬೇಕಾದರೆ ಕೋಲಾರದ ಚಿನ್ನದ ಗಣಿಪ್ರದೇಶವನ್ನೂ ಬಂಗಾರಪೇಟೆಯನ್ನೂ ನೋಡಬೇಕು.

ಗಣಿಗಳು ನಡೆಯುತ್ತಿದ್ದಾಗ ಇಲ್ಲಿ ದುಡಿಮೆಯ ಸ್ಥಳಕ್ಕೂ ಮನೆಗೂ ದೂರವಿರಲಿಲ್ಲ. ಗಣಿಗಳಲ್ಲಿ ದುಡಿಯುವ ಹೆಂಗಸರ ಹೆರಿಗೆಯ ಸೌಲಭ್ಯಕ್ಕಾಗಿ ದೇಶದಲ್ಲಿ 1941ರಲ್ಲಿಯೇ ಕಾಯಿದೆಯಾಗಿತ್ತು. ಗಣಿಗಳ ಶಿಶುವಿಹಾರಗಳಿಗೆ 1966ರಲ್ಲಿ ನಿಯಮಗಳಾದವು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಬಾಗಿಲು ಮುಚ್ಚಿತು. ಅಂದಿನಿಂದ ಊರಿನ ದುಡಿಮೆ ಬೆಂಗಳೂರಿನ ಕಡೆಗೆ ತಿರುಗಿದೆ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಿಂದ ಬಂಗಾರಪೇಟೆಯ ಜಂಕ್ಷನ್ನಿಗೆ, ಅಲ್ಲಿಂದ ಮತ್ತೆ ಸುಮಾರು 70 ಕಿಲೋಮೀಟರು ದೂರದ ಬೆಂಗಳೂರಿಗೆ ಸಾವಿರಾರು ಮಂದಿ ಪ್ರತಿದಿನವೂ ರೈಲಿನಲ್ಲಿ ಹೋಗಿಬರುತ್ತಾರೆ. ಅವರಲ್ಲಿ ಎಳೆಯ ಮಕ್ಕಳ ತಾಯಂದಿರೂ ಇದ್ದಾರೆ.

ಈಗ ಲೆಕ್ಕವನ್ನು ನೋಡಿರಿ. 1961ರ ಪ್ರಸೂತಿ ಸೌಲಭ್ಯ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ದೊರೆಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಹೆರಿಗೆಯ ದಿನದವರೆಗೂ ದುಡಿದವಳಿಗೆ ಈ ರಜೆ ಮುಗಿಯುವುದು ಮಗುವಿನ ಆರನೆಯ ತಿಂಗಳಿಗೆ. ಮೊದಲೇ ರಜೆ ಹಿಡಿದವಳಿಗೆ ಅದಕ್ಕೂ ಮುಂಚೆ. ರಾಗಿಸರಿ ಮೊದಲಾದ ಮೇಲಾಹಾರ ಆರಂಭವಾಗುವುದು ಆರನೆಯ ತಿಂಗಳಿಗೆ. ಹಾಲುಹಲ್ಲು ಮೂಡುವುದೂ ಬಹುಮಟ್ಟಿಗೆ ಆರನೆಯ ತಿಂಗಳಿನ ಆಚೆಯೀಚೆಗೆ. ಮೂರೂ ಒಂದೇ ಕಾಲದಲ್ಲಿ ತಾಯಿಯ ಮೇಲೆ ಬೀಳುತ್ತವೆ. ಮುಂಜಾನೆಯ ರೈಲು ಹಿಡಿದು ರಾತ್ರಿ ಮರಳುವವಳು ಹಗಲೆಲ್ಲ ಹಾಲನ್ನು ಹಿಂಡಿ ತೆಗೆಯದಿದ್ದರೆ ಎದೆ ಬಿಗಿದು ನೋಯುತ್ತದೆ; ಕ್ರಮೇಣ ಹಾಲಿನ ಉತ್ಪತ್ತಿಯೇ ಇಳಿಯುತ್ತದೆ. ಎದೆಯಿಂದ ಹೊರಹೋದಷ್ಟೇ ಹಾಲು ಮತ್ತೆ ಹುಟ್ಟುವುದು ಪ್ರಕೃತಿಯ ನಿಯಮ. ಹಾಲು ಕುಗ್ಗಿದಾಗ ಮಗು ಎಳೆದಾಡುತ್ತದೆ, ರಾತ್ರಿ ತೂಕಡಿಸುತ್ತ ಕಚ್ಚುತ್ತದೆ. ಹಗಲು ಬಾಟಲಿಯ ರಬ್ಬರು ತೊಟ್ಟನ್ನು ಅಗಿದು ಅಭ್ಯಾಸವಾದ ಮಗು ಎದೆಯಲ್ಲಿಯೂ ಹಾಗೆಯೇ ಮಾಡಬಹುದು. ಹೀಗೆ, ಕಚ್ಚಿದ್ದು ಮಗುವಾದರೂ ಕಚ್ಚುವ ಸಂದರ್ಭವನ್ನು ಒದಗಿಸಿದ್ದು ದುಡಿಮೆಯ ವ್ಯವಸ್ಥೆ. ಬೇವಿನ ಸೊಪ್ಪು ಇದಕ್ಕೆ ಮದ್ದಲ್ಲ.

ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಕೆಲಸದ ಅವಧಿಯಲ್ಲಿ ತಾಯಿಗೆ ಎರಡು ಬಿಡುವುಗಳನ್ನು ಕಾನೂನು ಕೊಟ್ಟಿದೆ. ಐವತ್ತು ಮಂದಿ ದುಡಿಯುವ ಕಡೆ ಶಿಶುವಿಹಾರವಿರಬೇಕೆಂದೂ, ತಾಯಿ ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರಬಹುದೆಂದೂ ಹೇಳಿದೆ. ಆದರೆ ಮಗು ಊರ್ಗಾಮಿನ ಅಜ್ಜಿಯ ಬಳಿಯಲ್ಲಿಯೂ ತಾಯಿ ಬೆಂಗಳೂರಿನ ಹೊಲಿಗೆ ಯಂತ್ರದ ಮುಂದೆಯೂ ಇರುವಾಗ ಶಿಶುವಿಹಾರದಿಂದ ಏನು ಫಲ? ಇಂತಹ ತಾಯಿಗೆ ಬೇಕಾದುದು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಶುಭ್ರವಾದ ಕೋಣೆ, ಕೈತೊಳೆಯಲು ನೀರು, ಹಿಂಡಿದ ಹಾಲನ್ನು ತಣ್ಣಗಿಡಲು ಒಂದು ಪೆಟ್ಟಿಗೆ. ಆ ಎರಡು ಬಿಡುವುಗಳನ್ನು ಹಾಲು ತೆಗೆಯುವುದಕ್ಕೂ ಬಳಸಬಹುದೆಂದು ಕಾರ್ಖಾನೆಗಳು ಬಾಯಿಬಿಟ್ಟು ಹೇಳಬೇಕು, ಸಂಬಳ ಕಡಿಯಬಾರದು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಮನೆಯವರ ಕರ್ತವ್ಯವೂ ಇಲ್ಲದಿಲ್ಲ. ತಾಯಿ ತೆಗೆದಿಟ್ಟ ಹಾಲನ್ನು ಬಾಟಲಿಗೆ ಬದಲಾಗಿ ನಮ್ಮ ಹಳೆಯ ಒಳಲೆಯಲ್ಲಿ ಕುಡಿಸಬಹುದು. ಗಣಿಪ್ರದೇಶದ ತಮಿಳು ಮನೆಗಳಲ್ಲಿ ಅದೇ ವಸ್ತುವಿಗೆ ಪಾಲಾಡೈ ಎಂದು ಹೆಸರು. ಸಣ್ಣ ಲೋಟವೂ ಆದೀತು. ಸಾಧಾರಣ ತಂಪಿನ ಕೋಣೆಯಲ್ಲಿ ಹಿಂಡಿದ ಹಾಲು ನಾಲ್ಕು ಗಂಟೆಗಳವರೆಗೆ ಕೆಡದೆ ಉಳಿಯುತ್ತದೆ. ರೆಫ್ರಿಜರೇಟರಿನಲ್ಲಿ ನಾಲ್ಕು ದಿನ ಇಡಬಹುದು.

ಕೊನೆಯದಾಗಿ, ಈ ವಿಷಯವನ್ನು ತಾಯಂದಿರಿಗೆ ಯಾವಾಗ ತಿಳಿಸಬೇಕು? ಹದಿನಾಲ್ಕನೆಯ ವಾರದ ಚುಚ್ಚುಮದ್ದಿನ ಅನಂತರ ಮುಂದಿನ ಚುಚ್ಚುಮದ್ದು ಒಂಬತ್ತನೆಯ ತಿಂಗಳಿಗೆ. ಹಲ್ಲು ಮೂಡುವುದು ಈ ಎರಡರ ನಡುವಣ ಅವಧಿಯಲ್ಲಿ. ಆದುದರಿಂದ ಹದಿನಾಲ್ಕನೆಯ ವಾರದಲ್ಲಿಯೇ ದಾದಿಯರು ಎರಡು ಮಾತು ಹೇಳಬೇಕು. 2018ರಲ್ಲಿ ಆರಂಭವಾದ ಕಾರ್ಯಕ್ರಮದಂತೆ ಮೂರನೆಯ ಮತ್ತು ಆರನೆಯ ತಿಂಗಳುಗಳಲ್ಲಿ ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಅದನ್ನೇ ಮತ್ತೆ ಹೇಳಬೇಕು. ನೋವು ಬಂದ ಮೇಲೆ ಹೇಳುವ ಬುದ್ಧಿಮಾತಿಗಿಂತ ಬರುವ ಮುಂಚೆ ಹೇಳಿದ ಮಾತು ಹೆಚ್ಚು ಉಪಯುಕ್ತ.

ಮಗುವಿಗೆ ಎರಡು ವರ್ಷವಾಗುವವರೆಗೆ, ಇಷ್ಟವಿದ್ದರೆ ಅದರಾಚೆಗೂ, ಮೇಲಾಹಾರದ ಜೊತೆಗೆ ಎದೆಹಾಲನ್ನು ಮುಂದುವರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ವೇಳೆಗೆ ಇಪ್ಪತ್ತು ಹಾಲುಹಲ್ಲುಗಳಲ್ಲಿ ಬಹುಪಾಲು ಮೂಡಿರುತ್ತವೆ. ಹಲ್ಲೇ ಅಡ್ಡಿಯಾಗಿದ್ದ ಪಕ್ಷದಲ್ಲಿ ಪ್ರಕೃತಿ ಎರಡನ್ನೂ ಒಂದೇ ಬಾಯಿಯಲ್ಲಿ ಸೇರಿಸುತ್ತಿರಲಿಲ್ಲ. ಹಾಲು ಬಿಡಿಸುವುದೂ ಬಿಡದಿರುವುದೂ ತಾಯಿಯ ಇಚ್ಛೆ. ಆದರೆ ಆ ಇಚ್ಛೆ ಅವಳದೇ ಆಗಿರಲಿ. ಒಂದು ವಾರದ ನೋವಾಗಲಿ ರೈಲಿನ ವೇಳೆಯಾಗಲಿ ಅವಳ ಪರವಾಗಿ ತೀರ್ಮಾನ ಮಾಡುವಂತಾಗಬಾರದು.