ಗಾಳಗಾರನ ಆಸೆಯೂ ಸರೋವರದ ಅಳತೆಯೂ

ಅಮೆರಿಕದ ಮಿಚಿಗನ್ ಸರೋವರದ ದಕ್ಷಿಣ ದಡದಲ್ಲಿ ಚಳಿಗಾಲ ಮುಗಿಯುತ್ತ ಬಂದಾಗ ಒಂದು ವಿಚಿತ್ರ ನೋಟ ಕಾಣಸಿಗುತ್ತದೆ. ಬಂಡೆಗಳ ಮೇಲೆ ಇನ್ನೂ ಮಂಜುಗಡ್ಡೆ ಕಟ್ಟಿರುತ್ತದೆ. ಗಾಳದ ದಾರಕ್ಕಂಟಿದ ನೀರು ಕೋಲಿನ ಬಳೆಗಳಲ್ಲಿಯೇ ಹೆಪ್ಪುಗಟ್ಟುತ್ತದೆ. ಆದರೂ ಉಣ್ಣೆಯ ಬಟ್ಟೆಗಳಲ್ಲಿ ಮೈ ಮುಚ್ಚಿಕೊಂಡ ಜನ ಗಂಟೆಗಟ್ಟಲೆ ನಿಂತು ಟ್ರೌಟ್, ಸಾಲ್ಮನ್ ಮೀನುಗಳಿಗಾಗಿ ಕಾಯುತ್ತಾರೆ. ದೋಣಿ ಬೇಕಿಲ್ಲ. 281 ಮೀಟರಿನವರೆಗೆ ಆಳವುಳ್ಳ ಸರೋವರದ ಮೀನು ಆಗ ದಡದಿಂದ ಕಲ್ಲೆಸೆಯುವಷ್ಟು ದೂರಕ್ಕೆ ಬಂದಿರುತ್ತದೆ.

ಇದಕ್ಕೆ ಕಾರಣ ನೀರಿನದೇ ಒಂದು ಗುಣ. ನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಎಂಬುದನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಚಳಿಗಾಲದ ಕೊನೆಗೆ ಸರೋವರದ ನಡುವಿನ ಮೇಲ್ನೀರು ಇದಕ್ಕಿಂತಲೂ ತಣ್ಣಗಿರುತ್ತದೆ. ದಡದ ಆಳವಿಲ್ಲದ ನೀರಾದರೋ ಬಿಸಿಲಿಗೆ ಬೇಗ ಕಾಯುತ್ತದೆ. ಇವೆರಡೂ ಸಂಧಿಸಿದೆಡೆ ಬೆರೆತ ನೀರು 4 ಡಿಗ್ರಿಗೆ ಬಂದು, ಭಾರವಾಗಿ ಕೆಳಕ್ಕಿಳಿಯುತ್ತದೆ. ಹೀಗೆ ಇಳಿಯುವ ನೀರೇ ಗೋಡೆಯಂತಾಗಿ ಬೆಚ್ಚನೆಯ ನೀರನ್ನು ದಡದ ಬಳಿಯೇ ತಡೆದಿಡುತ್ತದೆ. ವಸಂತ ಬಲಿತಂತೆ ಆ ಗೋಡೆ ನಡುವಿನತ್ತ ಸರಿಯುತ್ತದೆ. ಬೆಚ್ಚನೆಯ ಪಟ್ಟಿಯಲ್ಲಿ ಸಣ್ಣ ಮೀನುಗಳು ನೆರೆಯುತ್ತವೆ. ಅವನ್ನರಸಿ ದೊಡ್ಡವು ಬರುತ್ತವೆ.

ಈ ದೊಡ್ಡವುಗಳಲ್ಲಿ ಬಹುಪಾಲು ಆ ಸರೋವರದ ಮೂಲನಿವಾಸಿಗಳಲ್ಲವೆಂಬುದು ಗಮನಾರ್ಹ. ಕಂದು ಟ್ರೌಟ್ ಯೂರೋಪಿನದು. ಕೋಹೊ ಮತ್ತು ಚಿನೂಕ್ ಸಾಲ್ಮನ್‌ಗಳು ಪೆಸಿಫಿಕ್ ಸಾಗರದವು. ಅಲ್ಲಿ ಹಿಂದೆ ಆಳಿದ್ದುದು ‘ಸರೋವರ ಟ್ರೌಟ್’. ಅತಿಯಾದ ಬೇಟೆಯೂ, ಕಾಲುವೆಗಳ ಮೂಲಕ ಒಳನುಗ್ಗಿದ ರಕ್ತ ಹೀರುವ ಲ್ಯಾಂಪ್ರಿಯೂ ಸೇರಿ 1950ರ ದಶಕದಲ್ಲಿ ಅದನ್ನು ಮಿಚಿಗನ್ ಸರೋವರದಿಂದ ಅಳಿಸಿಬಿಟ್ಟವು. ತಿನ್ನುವವರಿಲ್ಲದೆ, ಸಮುದ್ರದಿಂದ ಬಂದ ಏಲ್‌ವೈಫ್ ಎಂಬ ಸಣ್ಣ ಮೀನು (ನಮ್ಮ ಕರಾವಳಿಯ ಬೂತಾಯಿಯ ದೂರದ ನೆಂಟ) ಮಿತಿಮೀರಿ ಬೆಳೆಯಿತು. 1967ರ ಬೇಸಿಗೆಯಲ್ಲಿ ರಾಶಿರಾಶಿಯಾಗಿ ಸತ್ತು ತೀರವೆಲ್ಲ ನಾರಿತು. ಮಿಚಿಗನ್ ರಾಜ್ಯವು 1966ರಲ್ಲಿ ಕೋಹೊ ಮರಿಗಳನ್ನೂ, ಮರುವರ್ಷ ಚಿನೂಕ್ ಮರಿಗಳನ್ನೂ ಬಿಡತೊಡಗಿದ್ದು ಈ ಹಿನ್ನೆಲೆಯಲ್ಲಿ. ಬೇಡದ ಮೀನನ್ನು ತಿಂದು ಬೇಕಾದ ಮೀನು ಕೊಬ್ಬಿತು. ತೀರದ ಊರುಗಳಿಗೆ ಹಣ ಬಂದಿತು. ಇದನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಸತ್ತಂತಿದ್ದ ಸರೋವರದ ಕಡೆಗೆ ಜನರ ಮುಖ ತಿರುಗಿಸಿದ್ದೇ ಈ ಸಾಲ್ಮನ್.

ತಪ್ಪಾದುದು ಆಮೇಲಿನ ಎಣಿಕೆಯಲ್ಲಿ. ಹೆಚ್ಚು ಮರಿ ಬಿಟ್ಟರೆ ಹೆಚ್ಚು ಮೀನು ಸಿಗುವುದೆಂಬ ನಂಬಿಕೆ ಗಾಳಗಾರರಲ್ಲಿ ಇಂದಿಗೂ ಬಲವಾಗಿದೆ. ಇದು ಹುಲ್ಲುಗಾವಲನ್ನು ನೋಡದೆ ದನಗಳನ್ನು ಎಣಿಸುವ ಲೆಕ್ಕ. ಪಕ್ಕದ ಹ್ಯೂರಾನ್ ಸರೋವರದಲ್ಲಿ ಬಿಟ್ಟ ಮರಿಗಳ ಜೊತೆಗೆ ಹೊಳೆಗಳಲ್ಲಿ ತಾವಾಗಿ ಹುಟ್ಟಿದ ಚಿನೂಕ್‌ಗಳೂ ಹೇರಳವಾದವು. ಅತ್ತ ವಲಸೆ ಬಂದ ಕ್ವಾಗಾ ಚಿಪ್ಪುಜೀವಿಗಳು ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿಂದು ಏಲ್‌ವೈಫ್‌ಗೆ ಆಹಾರ ಉಳಿಯದಂತೆ ಮಾಡಿದವು. 2004ರ ಹೊತ್ತಿಗೆ ಏಲ್‌ವೈಫ್ ಕುಸಿಯಿತು. ಅದನ್ನೇ ನಂಬಿದ್ದ ಚಿನೂಕ್ ಬೆನ್ನಲ್ಲೇ ಕುಸಿಯಿತು.

ಆದರೆ ಅದೇ ಕಾಲದಿಂದ ಆ ಸರೋವರದಲ್ಲಿ ಸರೋವರ ಟ್ರೌಟಿನ ಸಹಜ ಮರಿಗಳು ಹೆಚ್ಚಾಗಿ ಕಾಣತೊಡಗಿದವು! ಏಲ್‌ವೈಫ್‌ನ ದೇಹದಲ್ಲಿ ಥಯಮಿನ್ ಎಂಬ ಬಿ-1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಅದನ್ನು ತಿಂದು ಬೆಳೆದ ತಾಯಿಮೀನಿನ ಮೊಟ್ಟೆಗಳಲ್ಲಿ ಈ ಸತ್ವ ಸಾಲದೆ ಮರಿಗಳು ಬದುಕುತ್ತಿರಲಿಲ್ಲ. ಏಲ್‌ವೈಫ್ ತಾನೂ ಟ್ರೌಟ್ ಮರಿಗಳನ್ನು ತಿನ್ನುತ್ತದೆ. ಚಿನೂಕಿಗೆ ಅನ್ನವಾದುದೇ ಮೂಲನಿವಾಸಿಗೆ ಅಡ್ಡಿಯಾಗಿತ್ತೆಂದ ಮೇಲೆ, ಎರಡೂ ಮನದಣಿಯೆ ಬೇಕೆನ್ನುವ ಗಾಳಗಾರನಿಗೆ ಸರೋವರ ಏನು ಮಾಡೀತು?

ಆದಕಾರಣ 2013ರಲ್ಲಿ ಮಿಚಿಗನ್ ಸರೋವರಕ್ಕೆ ಬಿಡುವ ಚಿನೂಕ್ ಮರಿಗಳನ್ನು ಸುಮಾರು ಅರ್ಧಕ್ಕಿಳಿಸಿದುದು ಸರಿಯೆಂದೇ ನನ್ನ ಅಭಿಪ್ರಾಯ. ಅದಿನ್ನೂ ಸಾಲದು, ಒಲವು ಸರೋವರ ಟ್ರೌಟಿನತ್ತ ಸ್ಪಷ್ಟವಾಗಿ ವಾಲಬೇಕು. ಸುಪೀರಿಯರ್ ಸರೋವರದಲ್ಲಿ ಅದು ತಾನಾಗಿ ಸಂತತಿ ಬೆಳೆಸಿಕೊಂಡು, 1996ರಿಂದ ಅಲ್ಲಿನ ಬಹುಭಾಗದಲ್ಲಿ ಮರಿ ಬಿಡುವ ಅಗತ್ಯವೇ ಇಲ್ಲವಾಯಿತು. ಸಾಲ್ಮನ್ನನ್ನು ನಂಬಿದ ಊರುಗಳಿಗೆ ಇದರಿಂದ ಕೆಲಕಾಲ ನಷ್ಟವಾಗುವುದು ನಿಜ. ಹ್ಯೂರಾನ್ ತೀರದ ಊರುಗಳಿಗೆ ಆ ನಷ್ಟ ಕೇಳದೆ ಬಂದೆರಗಿತು.

ಚಳಿಗಾಲದ ಕೊನೆಯ ಆ ದಡದಲ್ಲಿ ಒಮ್ಮೊಮ್ಮೆ ಸರೋವರ ಟ್ರೌಟೂ ಗಾಳಕ್ಕೆ ಬೀಳುವುದುಂಟು. ಸಾಲ್ಮನ್ನಿನಂತೆ ಸೆಣಸುವುದಿಲ್ಲ, ಮಾಂಸದಲ್ಲಿ ಕೊಬ್ಬು ಹೆಚ್ಚು ಎಂದು ಹಲವರು ಮೂಗು ಮುರಿಯುತ್ತಾರೆ. ಅದು ಮೊಟ್ಟೆಯಿಡತೊಡಗುವಷ್ಟರಲ್ಲಿ ಆರೇಳು ವರ್ಷಗಳಾಗಿರುತ್ತವೆ. ಚಿನೂಕ್ ಅಷ್ಟರಲ್ಲಿ ಬೆಳೆದು, ಮೊಟ್ಟೆಯಿಟ್ಟು, ಸತ್ತೂ ಹೋಗಿರುತ್ತದೆ.