ಕೌಂಟರ್ ಮೇಲೆ ‘ಹಲೋ’ ಕೇಳಿಸಿದರೆ ಸೆಟ್ ಸರಿ ಇದೆಯಂತೆ!

ಅಂಗಡಿಯ ಹುಡುಗ ನಮ್ಮ ಸೆಟ್ಟನ್ನು ಕೈಗೆತ್ತಿಕೊಂಡ. ಇನ್ನೊಂದು ಸೆಟ್ಟನ್ನು ಪಕ್ಕದವನ ಕೈಗೆ ಕೊಟ್ಟ. ಇಬ್ಬರ ನಡುವೆ ಇದ್ದದ್ದು ಒಂದು ಗಾಜಿನ ಕೌಂಟರ್. ‘ಹಲೋ, ಹಲೋ’ ಅಂದ. ಆ ಕಡೆ ಕೇಳಿಸಿತು. ‘ಚೆನ್ನಾಗೇ ಇದೆಯಲ್ಲ ಸಾರ್’ ಅಂತ ಡಬ್ಬಕ್ಕೆ ಹಾಕಿ ವಾಪಸ್ ಕೊಟ್ಟ. ಎರಡು ವಾರ ಸರ್ವಿಸ್‌ನಲ್ಲಿಟ್ಟುಕೊಂಡು ಬರೆದುಕೊಟ್ಟ ಚೀಟಿಯಲ್ಲೂ ಅದೇ ಮಾತು: ದೋಷ ಕಂಡುಬಂದಿಲ್ಲ.

ಇದು ಹ್ಯಾಮ್ ರೇಡಿಯೋ ಸೆಟ್. ನೋಡಲು ಪೊಲೀಸರ ವಾಕಿಟಾಕಿ ಇದ್ದ ಹಾಗೆ. ಆದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದವರು ಮಾತ್ರ ಇದರಲ್ಲಿ ಮಾತಾಡಬಹುದು. ನಾವು ಮೂವರು ಗೆಳೆಯರು ಪರೀಕ್ಷೆ ಬರೆದು ಲೈಸೆನ್ಸ್ ಪಡೆದು, ದುಡ್ಡು ಒಟ್ಟುಮಾಡಿ ಹೊಸ ಸೆಟ್ ಕೊಂಡೆವು. ಡಬ್ಬದ ಮೇಲೆ ‘5 ವ್ಯಾಟ್, ಒಂದು ವರ್ಷ ವಾರಂಟಿ’ ಎಂದು ದಪ್ಪ ಅಕ್ಷರದಲ್ಲಿತ್ತು. ಯಲಹಂಕದ ಮನೆಯಿಂದ ದೊಡ್ಡಬಳ್ಳಾಪುರದ ಗೆಳೆಯನನ್ನು ಕರೆದರೆ ಬರೀ ಗೊರಗೊರ.

ಮೊನ್ನೆ ಒಬ್ಬರು ಕೇಳಿದರು: ಮೊಬೈಲ್ ಕಾಲದಲ್ಲಿ ಇದೆಲ್ಲ ಯಾಕೆ? ಮೊಬೈಲ್ ಸಾಯುವ ದಿನ ಬರುತ್ತದಲ್ಲ, ಅದಕ್ಕೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನ್‌ನ ಫೋನ್‌ಗಳು ಸತ್ತಾಗ, ಹವ್ಯಾಸಿ ಪ್ರಸಾರಕ್ಕೆಂದು ಪೋರ್ಟ್‌ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ತಂಡದ ಹ್ಯಾಮ್ ರೇಡಿಯೋ ಸುದ್ದಿ ಮುಟ್ಟಿಸುವ ಕೆಲಸಕ್ಕೆ ನಿಂತಿತು. ಅಂಥ ದಿನ ಕೈಯಲ್ಲಿರುವ ಸೆಟ್ ಹೇಳಿದಷ್ಟು ಶಕ್ತಿ ಕೊಡದಿದ್ದರೆ ಏನು ಗತಿ?

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡಬೇಕು. ಮೊದಲ ಸಲ ಅಂಗಡಿಗೆ ಹೋದಾಗ ನಾವು ಹೇಳಿದ್ದು ‘ದೂರ ಹೋಗ್ತಿಲ್ಲ’ ಅಂತ ಮಾತ್ರ. ಅದು ದೂರೇ ಅಲ್ಲ. ನಾವು ಬಳಸುವ 144ರಿಂದ 146 ಮೆಗಾಹರ್ಟ್ಸ್ ತರಂಗ ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲಿ ಸಾಗುತ್ತದೆ. ನಡುವೆ ಅಪಾರ್ಟ್‌ಮೆಂಟ್, ದಿಣ್ಣೆ ಬಂದರೆ ಮುಗಿಯಿತು. ನಂದಿಬೆಟ್ಟದ ಮೇಲೆ ನಿಂತವನಿಗೆ ಅರ್ಧ ವ್ಯಾಟ್ ಸಾಕು, ಮನೆಯೊಳಗೆ ಕೂತವನಿಗೆ ಐದು ವ್ಯಾಟೂ ಸಾಲದು. ಕೇಳುವ ಕಡೆಯೂ ಹಾಗೆಯೇ. ಹೆಬ್ಬಾಳದಂಥ ಕಡೆ ಸುತ್ತ ನೂರೆಂಟು ಪ್ರಬಲ ಸಿಗ್ನಲ್‌ಗಳ ಗಲಾಟೆಯಲ್ಲಿ ಅಗ್ಗದ ಸೆಟ್ ಕಿವುಡಾಗುತ್ತದೆ. ಅದೇ ಸೆಟ್ ಹೆಸರಘಟ್ಟದ ಹುಲ್ಲುಗಾವಲಿಗೆ ಹೋದರೆ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಹಾಗಾಗಿ ದೂರ ನೋಡಿ ಸೆಟ್ ಅಳೆಯಬಾರದು. ಎರಡು ಅಡಿ ಹತ್ತಿರ ನಿಲ್ಲಿಸಿ ಅಳೆಯುವುದು ಅದಕ್ಕಿಂತ ದೊಡ್ಡ ತಪ್ಪು. ಕೌಂಟರ್ ಆಚೆಗೆ ಕೇಳಿಸಲು ಒಂದು ವ್ಯಾಟ್‌ನ ನೂರನೇ ಒಂದು ಭಾಗವೂ ಬೇಕಿಲ್ಲ.

ಅಳೆಯುವ ಸರಿಯಾದ ದಾರಿ ತೋರಿಸಿದವರು ಆರ್.ಟಿ. ನಗರದ ಒಬ್ಬ ಹಿರಿಯ ಹ್ಯಾಮ್. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಸಿದರು. ಆಂಟೆನಾ ಬಿಚ್ಚಿ, ಆ ಜಾಗಕ್ಕೆ ವ್ಯಾಟ್‌ಮೀಟರನ್ನೂ ಅದರಾಚೆ 50 ಓಮ್‌ನ ಡಮ್ಮಿ ಲೋಡನ್ನೂ ಜೋಡಿಸಿದರು. ಡಮ್ಮಿ ಲೋಡ್ ಅಂದರೆ ಸೆಟ್ ಹೊರಡಿಸುವ ಶಕ್ತಿಯನ್ನು ಗಾಳಿಗೆ ಬಿಡದೆ ನುಂಗಿ ಬಿಸಿ ಮಾಡಿಕೊಳ್ಳುವ ಪುಟ್ಟ ಡಬ್ಬ. ಗುಂಡಿ ಒತ್ತಿದರೆ ಮುಳ್ಳು ಒಂದೂವರೆ ವ್ಯಾಟ್‌ಗೆ ನಿಂತಿತು. ಮೀಟರ್ ಮೇಲೇ ಅನುಮಾನ ಬರಬಾರದೆಂದು ಅವರ ಸ್ವಂತ ಸೆಟ್ಟನ್ನೂ ಹಾಕಿ ನೋಡಿದರು. ಅದು ಐದರ ಹತ್ತಿರ ಹೋಯಿತು. ಎರಡನ್ನೂ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡೆವು.

ನಮ್ಮ ವಾದ ಇಷ್ಟೇ. ಕೆಟ್ಟು ನಿಂತ ವಸ್ತು ಮಾತ್ರ ದೋಷದ್ದಲ್ಲ, ಹೇಳಿದಷ್ಟು ಕೆಲಸ ಮಾಡದ್ದೂ ದೋಷದ್ದೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ದೋಷ’ದ ಅರ್ಥ ಬರೆದಿದೆ: ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟದಲ್ಲಿ ಕೊರತೆ ಇದ್ದರೂ ಅದು ದೋಷ. ಡಬ್ಬದ ಮೇಲಿನ ‘5 ವ್ಯಾಟ್’ ಅಲಂಕಾರಕ್ಕೆ ಬರೆದದ್ದಲ್ಲ. ಐದು ಎಚ್‌ಪಿ ಎಂದು ಕೊಟ್ಟ ಪಂಪ್‌ಸೆಟ್ ಮೂರು ಎಚ್‌ಪಿಯಷ್ಟು ನೀರೆತ್ತಿದರೆ ‘ನೀರು ಬರ್ತಿದೆಯಲ್ಲ ಗೌಡ್ರೇ’ ಅಂದರೆ ನೀವು ಒಪ್ಪುತ್ತೀರಾ?

ಮೂರನೇ ಸಲ ನಾವು ಬಾಯಲ್ಲಿ ಏನೂ ಹೇಳಲಿಲ್ಲ. ಒಂದು ಪುಟದ ಪತ್ರ ಬರೆದೆವು. ಬಿಲ್ ನಂಬರ್, ಸೆಟ್‌ನ ಸೀರಿಯಲ್ ನಂಬರ್, ಅಳೆದ ದಿನ, ಅಳೆದ ರೀತಿ, ಡಬ್ಬದ ಫೋಟೋ. 15 ದಿನದಲ್ಲಿ ರಿಪೇರಿ ಮಾಡಿ ಇಲ್ಲವೇ ಬದಲಿಸಿ, ಮತ್ತೆ ‘ದೋಷ ಇಲ್ಲ’ ಅನ್ನುವುದಾದರೆ ನೀವು ಅಳೆದ ಅಂಕಿ ಬರೆದುಕೊಡಿ ಎಂದು ಕೇಳಿದೆವು. ಅಂಕಿ ಕೇಳಿದ ಮೇಲೆಯೇ ಫೋನ್ ಬಂದದ್ದು.

ಸರ್ವಿಸ್‌ನವರ ಅನುಮಾನವೂ ಪೂರ್ತಿ ಸುಳ್ಳಲ್ಲ, ಬಿಡಿ. ಆಂಟೆನಾ ಹಾಕದೆ ಗುಂಡಿ ಒತ್ತಿ ಒಳಗಿನ ಟ್ರಾನ್ಸಿಸ್ಟರ್ ಸುಟ್ಟುಕೊಂಡು ‘ಬರುವಾಗಲೇ ಹೀಗಿತ್ತು’ ಅನ್ನುವವರು ಇದ್ದಾರೆ. ಹಿಂದಿನ ಸ್ಕ್ರೂ ಬಿಚ್ಚಿದ ಗುರುತಿದ್ದರೆ ವಾರಂಟಿ ಮಾತೇ ಎತ್ತಬೇಡಿ. ಬಿಲ್ ಬೇಡ ಅಂತ ಒಂದಿಷ್ಟು ರೂಪಾಯಿ ಉಳಿಸಿದವರ ಕಥೆಯೂ ಅಷ್ಟೇ. ಆನ್‌ಲೈನ್‌ನಲ್ಲಿ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಲೈಸೆನ್ಸ್, ತರಂಗಾಂತರ ಯಾವ ಮಾಹಿತಿಯೂ ಇಲ್ಲದೆ ವಾಕಿಟಾಕಿ ಮಾರುತ್ತಿದ್ದುದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಆನ್‌ಲೈನ್ ಕಂಪನಿಗಳಿಗೆ ನೋಟಿಸ್ ಕೊಟ್ಟು ನಿಯಮ ತಂದಿದೆ. ಹೊಸಬರು ಸೆಟ್ ಕೊಂಡ ವಾರದಲ್ಲೇ ಯಾರಾದರೂ ಹಳೆಯ ಹ್ಯಾಮ್ ಹತ್ತಿರ ಅಳೆಸಿಬಿಡಿ. ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್‌ನಂಥ ಕಡೆ ಕೇಳಿದರೆ ಮೀಟರ್ ಇರುವವರು ಸಿಗುತ್ತಾರೆ.

ಅಂಗಡಿಯವರು ಜಗ್ಗದಿದ್ದರೆ? ಮೊದಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ‘ಅಂಗಡಿ ಬೆಂಗಳೂರಲ್ಲಿದೆ, ಕೇಸಿಗೆ ಅಲ್ಲಿಗೆ ಅಲೆಯೋರು ಯಾರು’ ಅಂತ ಊರ ಕಡೆ ಕೈಬಿಡುತ್ತಾರೆ. ಅಲೆಯಬೇಕಿಲ್ಲ. ಹೊಸ ಕಾಯ್ದೆಯಲ್ಲಿ ನೀವು ವಾಸ ಮಾಡುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದ ಒಳಗೆ ಹಾಕಬೇಕು. ವಸ್ತುವನ್ನು ಲ್ಯಾಬ್‌ಗೆ ಕಳಿಸಿ ಅಳೆಸುವ ಅಧಿಕಾರ ಆಯೋಗಕ್ಕಿದೆ. ಹಾಗೆ ಅಳೆಸಬೇಕಾದ ಕೇಸನ್ನು ಐದು ತಿಂಗಳಲ್ಲಿ, ಇಲ್ಲದಿದ್ದರೆ ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಎಷ್ಟು ಕೇಸು ಹಾಗೆ ಮುಗಿಯುತ್ತವೆ ಅನ್ನುವುದು ಕೋರ್ಟು ಮೆಟ್ಟಿಲು ಹತ್ತಿದವರಿಗೆ ಗೊತ್ತೇ ಇದೆ.

ನಮಗೆ ಅಲ್ಲಿವರೆಗೆ ಹೋಗುವ ಪ್ರಮೇಯ ಬರಲಿಲ್ಲ. ಪತ್ರ ಕೊಟ್ಟ ಹನ್ನೆರಡನೇ ದಿನ ಬೇರೆ ಸೆಟ್ ಕೊಟ್ಟರು. ಅದನ್ನೂ ಆರ್.ಟಿ. ನಗರಕ್ಕೆ ಒಯ್ದು ಮೀಟರ್‌ಗೆ ಹಾಕಿಸಿದೆವು. ನಾಲ್ಕೂಮುಕ್ಕಾಲು ವ್ಯಾಟ್. ದೊಡ್ಡಬಳ್ಳಾಪುರದ ಗೆಳೆಯನಿಗೆ ಮನೆಯೊಳಗಿಂದ ಈಗಲೂ ಕೇಳಿಸುವುದಿಲ್ಲ, ಟೆರೇಸ್ ಹತ್ತಿದರೆ ಕೇಳಿಸುತ್ತದೆ. ಆದರೆ ಹೊಸ ಸೆಟ್‌ನ ವಾರಂಟಿಯನ್ನು ಹಳೆಯ ಬಿಲ್‌ನ ದಿನದಿಂದಲೇ ಲೆಕ್ಕ ಹಾಕಿದ್ದಾರೆ. ಸರ್ವಿಸ್‌ನಲ್ಲಿ ಕಳೆದ ದಿನಗಳನ್ನಾದರೂ ಸೇರಿಸಿಕೊಡಿ ಅಂತ ಮತ್ತೊಂದು ಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.