ಕಿವಿಗೆ ಬೇಕಾದದ್ದು ಮರವೋ, ಮಾಧುರ್ಯವೋ?

ಬೆಂಗಳೂರು: ಮೊಬೈಲ್ ಫೋನ್ ಕೊಂಡರೆ ಅದರ ಪೆಟ್ಟಿಗೆಯಲ್ಲೇ ಇಯರ್‌ಫೋನ್ ಉಚಿತವಾಗಿ ದೊರೆಯುತ್ತಿದ್ದ ಕಾಲವೊಂದಿತ್ತು. ಇಂದು ಆ ಮೊಬೈಲ್‌ಗಿಂತಲೂ ದುಬಾರಿಯಾದ ಹೆಡ್‌ಫೋನ್‌ಗೆ ಗ್ರಾಹಕರಿದ್ದಾರೆ. ಹೊಳಪು ಕೊಟ್ಟ ಮರದ ಚೌಕಟ್ಟು, ಹಿಂಬದಿಯಲ್ಲಿ ಮುಚ್ಚಳದ ಬದಲು ಲೋಹದ ಜಾಲರಿ, ಒಳಗೆ 'ಪ್ಲೇನರ್ ಮ್ಯಾಗ್ನೆಟಿಕ್' ಎಂಬ ತಂತ್ರಜ್ಞಾನ, ಈ ಮೂರೂ ಕೂಡಿದ ಹೆಡ್‌ಫೋನ್ ಸಂಗೀತಾಸಕ್ತರ ವಲಯದಲ್ಲಿ ಪ್ರತಿಷ್ಠೆಯ ವಸ್ತುವಾಗಿದೆ. ಈ ಮೂರರಲ್ಲಿ ಕೇಳುಗನ ಕಿವಿಗೆ ತಲುಪುವುದು ಯಾವುದು, ಬರೀ ಕಣ್ಣಿಗೆ ತಲುಪುವುದು ಯಾವುದು ಎಂದು ಬಿಡಿಸಿ ನೋಡುವ ಗೋಜಿಗೆ ಹೆಚ್ಚಿನವರು ಹೋಗುವುದಿಲ್ಲ. ಮಾರುವವರಿಗಂತೂ ಅದು ಬೇಕಿಲ್ಲ.

ಸಾಮಾನ್ಯ ಹೆಡ್‌ಫೋನ್‌ನೊಳಗೆ ಪುಟ್ಟದೊಂದು ಧ್ವನಿವರ್ಧಕವಿರುತ್ತದೆ. ಅದರ ಪೊರೆಗೆ ಅಂಟಿಸಿದ ತಂತಿಯ ಸುರುಳಿ ಅಯಸ್ಕಾಂತದ ಬಲದಿಂದ ಹಿಂದೆ ಮುಂದೆ ಸರಿದು ಪೊರೆಯನ್ನು ನೂಕುತ್ತದೆ. ಪ್ಲೇನರ್ ವಿನ್ಯಾಸದಲ್ಲಿ ಸುರುಳಿಯೇ ಇಲ್ಲ. ಕೂದಲೆಳೆಗಿಂತ ತೆಳುವಾದ ಹಾಳೆಯ ಮೈತುಂಬ ವಿದ್ಯುತ್ ಹರಿಯುವ ಲೋಹದ ಗೆರೆಗಳನ್ನು ಮೂಡಿಸಿ, ಅದನ್ನು ಅಯಸ್ಕಾಂತದ ಪಟ್ಟಿಗಳ ಎದುರು ಬಿಗಿದಿರುತ್ತಾರೆ. ಒಂದೆಡೆ ನೂಕಿಸಿಕೊಂಡು ಉಳಿದೆಡೆ ಬಳುಕುವ ಬದಲು ಇಡೀ ಹಾಳೆ ಹೆಚ್ಚುಕಡಿಮೆ ಒಟ್ಟಿಗೆ ಚಲಿಸುತ್ತದೆ. ಮಂದ್ರದ ಸ್ವರಗಳಲ್ಲಿ ವಿಕೃತಿ ಕಡಿಮೆ ಇರಲು ಇದೇ ಮುಖ್ಯ ಕಾರಣ.

ಇದೇನೂ ಹೊಸ ಆವಿಷ್ಕಾರವಲ್ಲ. ಜಪಾನಿನ ಯಮಹಾ ಸಂಸ್ಥೆ 1976ರಲ್ಲೇ 'ಆರ್ಥೊಡೈನಮಿಕ್' ಎಂಬ ಹೆಸರಿನಲ್ಲಿ ಎಚ್‌ಪಿ-1 ಹೆಡ್‌ಫೋನ್ ತಂದಿತ್ತು. ಅದರ ರೂಪ ಇಟಲಿಯ ವಿನ್ಯಾಸಕಾರ ಮಾರಿಯೋ ಬೆಲ್ಲಿನಿ ಅವರದು. ಮುಂದೆ ಈ ತಂತ್ರಜ್ಞಾನ ಬಹುಕಾಲ ಮೂಲೆಗುಂಪಾಯಿತು. ಎಂಬತ್ತರ ದಶಕದಲ್ಲಿ ಬಂದ ಪ್ರಬಲ ನಿಯೋಡಿಮಿಯಂ ಅಯಸ್ಕಾಂತಗಳು ಅದರ ಪುನರಾಗಮನಕ್ಕೆ ದಾರಿ ಮಾಡಿದವು. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಆಡಿಜ್ ಸಂಸ್ಥೆಯ ಎಲ್‌ಸಿಡಿ-2 ಎಂಬ ಮಾದರಿ ಮರದ ಉಂಗುರ ಮತ್ತು ತೆರೆದ ಬೆನ್ನಿನೊಂದಿಗೆ ಹೆಸರು ಮಾಡಿತು. ಸುಮಾರು ಸಾವಿರ ಡಾಲರ್ ಬೆಲೆಯ ಆ ಹೆಡ್‌ಫೋನ್ ಯಶಸ್ವಿಯಾದ ಮೇಲೆ 'ಪ್ಲೇನರ್ ಎಂದರೆ ಮರ' ಎಂಬ ಭಾವನೆ ಮಾರುಕಟ್ಟೆಯಲ್ಲಿ ಬೇರೂರಿತು.

ಆ ಭಾವನೆಗೆ ಆಧಾರ ತೀರಾ ಕಡಿಮೆ. ವೀಣೆಯ ಕೊಡಕ್ಕೆ ಹಲಸಿನ ಮರವೇ ಏಕೆ ಎಂದು ಕೇಳಿದರೆ ಉತ್ತರವುಂಟು. ಅಲ್ಲಿ ಮರ ತಾನೇ ಕಂಪಿಸಿ ನಾದಕ್ಕೆ ಮೈ ಕೊಡುತ್ತದೆ. ಹೆಡ್‌ಫೋನ್ ವಾದ್ಯವಲ್ಲ. ವಾದ್ಯ ನುಡಿದದ್ದನ್ನು ಇದ್ದಂತೆ ಒಪ್ಪಿಸುವುದಷ್ಟೇ ಅದರ ಕೆಲಸ; ತನ್ನದೊಂದು ನಾದವನ್ನು ಸೇರಿಸಿದರೆ ಅದು ಗುಣವಲ್ಲ, ದೋಷ. ಬೆನ್ನು ಮುಚ್ಚಿದ ಹೆಡ್‌ಫೋನ್‌ನಲ್ಲಾದರೆ ಹಿಂದಕ್ಕೆ ಹೊಮ್ಮಿದ ಧ್ವನಿ ಬಟ್ಟಲಿನ ಗೋಡೆಗೆ ಬಡಿದು ಮರಳುವುದರಿಂದ ಆ ಗೋಡೆ ಯಾವುದರದ್ದು ಎಂಬುದಕ್ಕೆ ಅರ್ಥವಿದೆ. ತೆರೆದ ಬೆನ್ನಿನಲ್ಲಿ ಅದರ ಬಹುಪಾಲು ಜಾಲರಿಯ ಮೂಲಕ ಹೊರಗೆ ಹೋಗುತ್ತದೆ. ಉಳಿಯುವ ಮರ ಒಂದು ಉಂಗುರ ಮಾತ್ರ. ಆಡಿಜ್ ಸಂಸ್ಥೆಯದೇ ಎಲ್‌ಸಿಡಿ-ಎಕ್ಸ್ ಮಾದರಿಯಲ್ಲಿ ಆ ಉಂಗುರ ಅಲ್ಯೂಮಿನಿಯಂನದು. ಅದಕ್ಕೂ ಮೆಚ್ಚುವವರು ಕಡಿಮೆಯೇನಿಲ್ಲ. ಕಿವಿಯ ಸುತ್ತ ಕೂರುವ ಮೆತ್ತೆ ಎಷ್ಟು ದಪ್ಪ, ಎಷ್ಟು ಹಳೆಯದು, ಚರ್ಮಕ್ಕೆ ಎಷ್ಟು ಒತ್ತಿಕೊಳ್ಳುತ್ತದೆ ಎಂಬುದು ಧ್ವನಿಯನ್ನು ಮರಕ್ಕಿಂತ ಬಹಳ ಹೆಚ್ಚು ಬದಲಿಸುತ್ತದೆ. ಕನ್ನಡಕದ ಕಡ್ಡಿ ಮೆತ್ತೆಯನ್ನು ತುಸು ಎತ್ತಿ ಹಿಡಿದರೂ ಸಾಕು, ಪ್ಲೇನರ್‌ನ ಹೆಮ್ಮೆಯಾದ ಮಂದ್ರ ಸೋರಿಹೋಗುತ್ತದೆ. ಸಾವಿರಾರು ರೂಪಾಯಿ ಹೆಚ್ಚು ತೆತ್ತು ಮರವನ್ನು ಆರಿಸುವವರು ಕನ್ನಡಕ ತೊಟ್ಟು ಒಮ್ಮೆ ಕೇಳಿ ನೋಡುವುದು ವಿರಳ.

ಬೆಲೆಯನ್ನೇ ಗುಣದ ಅಳತೆಗೋಲು ಎಂದುಕೊಳ್ಳುವವರಿಗೆ 2017ರ ಅಧ್ಯಯನವೊಂದು ಎಚ್ಚರಿಕೆಯ ಗಂಟೆ. ಸಂಶೋಧಕ ಯೆರೂನ್ ಬ್ರೀಬಾರ್ಟ್ ಅವರು 283 ಹೆಡ್‌ಫೋನ್‌ಗಳನ್ನು ಅಳೆದು, ಯಾವ ಕಂಪನಾಂಕವನ್ನು ಎಷ್ಟು ಜೋರಾಗಿ ನುಡಿಸುತ್ತವೆ ಎಂಬುದಕ್ಕೂ ಅವುಗಳ ಚಿಲ್ಲರೆ ಬೆಲೆಗೂ ಸಂಬಂಧ ಕಾಣುವುದಿಲ್ಲ ಎಂದು ಪ್ರಕಟಿಸಿದರು. ದುಬಾರಿ ವಸ್ತುವೆಲ್ಲ ಮೋಸ ಎಂಬುದು ಇದರ ಅರ್ಥವಲ್ಲ. ಬಾಳಿಕೆ, ಹಿತ, ಬಿಡಿಭಾಗಗಳ ಲಭ್ಯತೆಗೂ ಬೆಲೆಯುಂಟು. ಧ್ವನಿಯ ಸಮತೋಲವನ್ನು ಮಾತ್ರ ಬೆಲೆಪಟ್ಟಿ ನೋಡಿ ಊಹಿಸಲಾಗದು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಅಂಗಡಿಗಳಲ್ಲಿ ಕೇಳಿಸುವ ಗಾಜಿನ ಚೂರಿನಂಥ ಗಿಟಾರ್ ನಾದ, ಎದೆ ನಡುಗಿಸುವ ಡ್ರಮ್ ಸದ್ದು ಎಲ್ಲ ಹೆಡ್‌ಫೋನ್‌ಗಳಲ್ಲೂ ಚೆನ್ನಾಗಿಯೇ ಕೇಳುತ್ತವೆ; ಅವನ್ನು ಆರಿಸಿಟ್ಟಿರುವುದೇ ಅದಕ್ಕಾಗಿ. ಹತ್ತಾರು ವರ್ಷ ಕೇಳಿ ಕಿವಿಗೆ ಕಂಠಪಾಠವಾದ ಧ್ವನಿಮುದ್ರಿಕೆಯನ್ನೇ ಒಯ್ಯುವುದು ಒಳಿತು. ಗಾಯಕರ ತಂಬೂರಿಯ ಖರಜದ ತಂತಿ ಸಾಮಾನ್ಯವಾಗಿ 70 ಹರ್ಟ್ಸ್ ಆಸುಪಾಸಿನಲ್ಲಿ ಮಿಡಿಯುತ್ತದೆ. 20 ಹರ್ಟ್ಸ್‌ವರೆಗೆ ಇಳಿಯುತ್ತದೆ ಎಂಬ ಜಾಹೀರಾತಿನ ಮಾತು ಖಯಾಲ್ ಅಥವಾ ಕೃತಿಗಳನ್ನೇ ಕೇಳುವವರಿಗೆ ದೊಡ್ಡ ಲಾಭವನ್ನೇನೂ ತರದು. ತಂಬೂರಿಯ ಜೀವಾಳದಿಂದೇಳುವ ಝೇಂಕಾರ ಗಾಯಕನ ಕಂಠವನ್ನು ಮುಚ್ಚದೆ ಹಿಂದೆಯೇ ನಿಲ್ಲುತ್ತದೆಯೇ ಎಂಬುದು ಅದಕ್ಕಿಂತ ಕಠಿಣ ಪರೀಕ್ಷೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮುದ್ರಿಕೆಗಳು ಇನ್ನೊಂದು ಒರೆಗಲ್ಲು. ತಾರಸ್ಥಾಯಿಯನ್ನು ಉಬ್ಬಿಸುವ ಹೆಡ್‌ಫೋನ್ ಗಾಯನಕ್ಕಿಂತ ಮೊದಲು ಮುದ್ರಿಕೆಯ ಗರಗರ ಸದ್ದನ್ನೇ ಮುಂದೆ ತಂದು ನಿಲ್ಲಿಸುತ್ತದೆ.

ಎರಡು ಹೆಡ್‌ಫೋನ್‌ಗಳನ್ನು ಹೋಲಿಸುವಾಗ ಎರಡರ ಗಟ್ಟಿತನವೂ ಒಂದೇ ಇರಬೇಕು. ತುಸು ಜೋರಾಗಿರುವುದೇ ಕಿವಿಗೆ ಉತ್ತಮವೆಂದು ತೋರುವುದು ಮನುಷ್ಯನ ಸ್ವಭಾವ.

ಇನ್ನು ತೂಕ. ಎಲ್‌ಸಿಡಿ-2 ಅರ್ಧ ಕಿಲೋ ಮೀರುತ್ತದೆ. 1997ರಿಂದ ಇಂದಿಗೂ ಹೆಸರುಳಿಸಿಕೊಂಡಿರುವ, ಮರವೂ ಪ್ಲೇನರ್ ತಂತ್ರಜ್ಞಾನವೂ ಇಲ್ಲದ ಸೆನ್‌ಹೈಸರ್ ಎಚ್‌ಡಿ 600 ತೂಗುವುದು ಸುಮಾರು 260 ಗ್ರಾಂ. ಅಂಗಡಿಯ ಐದು ನಿಮಿಷದಲ್ಲಿ ತಿಳಿಯದ ಈ ವ್ಯತ್ಯಾಸ ಇಡೀ ರಾಗವೊಂದನ್ನು ಕೇಳಿ ಮುಗಿಸುವ ಹೊತ್ತಿಗೆ ಕತ್ತಿಗೆ ತಿಳಿಯುತ್ತದೆ.

ಆಂಪ್ಲಿಫೈಯರ್‌ನ ಖರ್ಚೂ ಬೇರೆ. ಎಲ್ಲ ಪ್ಲೇನರ್‌ಗಳಿಗೂ ಅದು ಅಗತ್ಯವಲ್ಲವಾದರೂ ಕೆಲವಕ್ಕೆ ಅನಿವಾರ್ಯ. ಹೈಫೈಮ್ಯಾನ್ ಸಂಸ್ಥೆಯ ಎಚ್‌ಇ-6 ಒಂದು ಮಿಲಿವ್ಯಾಟ್ ಶಕ್ತಿಗೆ 83.5 ಡೆಸಿಬಲ್ ಮಾತ್ರ ನುಡಿಯುತ್ತದೆ. ಸಂಗೀತದ ಏರುಘಟ್ಟಗಳಿಗೆ ಅದಕ್ಕಿಂತ 20 ಡೆಸಿಬಲ್ ಹೆಚ್ಚು ಬೇಕೆಂದರೆ ನೂರು ಪಟ್ಟು ಶಕ್ತಿ ಬೇಕು. ಮೊಬೈಲ್‌ಗೆ ಸಿಕ್ಕಿಸುವ ಪುಟ್ಟ ಪರಿವರ್ತಕದಿಂದ ಇದನ್ನು ನಿರೀಕ್ಷಿಸುವುದು ಮೊಪೆಡ್‌ಗೆ ಲಾರಿಯ ಹೊರೆ ಹೇರಿದಂತೆ.

ಇವೆಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ತೆರೆದ ಬೆನ್ನಿನದು. ಸಂಗೀತ ತಲೆಯೊಳಗೆ ಸಿಕ್ಕಿಕೊಳ್ಳದೆ ಕೋಣೆಯಲ್ಲಿ ಹರಡಿದಂತೆ ಕೇಳುವುದು ಈ ವಿನ್ಯಾಸದ ನಿಜವಾದ ಸೊಗಸು. ಜಾಲರಿ ಸಂಗೀತವನ್ನು ಹೊರಗೆ ಬಿಡುವಂತೆಯೇ ಹೊರಗಿನದನ್ನು ಒಳಗೂ ಬಿಡುತ್ತದೆ. ಕುಕ್ಕರ್ ಸೀಟಿ, ಫ್ಯಾನ್ ಸದ್ದು, ಪಕ್ಕದ ನಿವೇಶನದಲ್ಲಿ ಮಾರ್ಬಲ್ ಕತ್ತರಿಸುವ ಯಂತ್ರ, ಬೀದಿಯ ಹಾರ್ನ್ ಎಲ್ಲವೂ ತಂಬೂರಿಯೊಂದಿಗೆ ಸೇರಿಕೊಳ್ಳುತ್ತವೆ. ಆಗ ಕೈ ತಾನಾಗಿ ವಾಲ್ಯೂಮ್ ಗುಂಡಿಯತ್ತ ಹೋಗುತ್ತದೆ. ವಯಸ್ಕರಿಗೆ ವಾರಕ್ಕೆ 40 ಗಂಟೆ ಕಾಲ 80 ಡೆಸಿಬಲ್ ಸುರಕ್ಷಿತ ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 90 ಡೆಸಿಬಲ್‌ಗೆ ಏರಿದರೆ ಆ ಮಿತಿ ವಾರಕ್ಕೆ ನಾಲ್ಕೇ ಗಂಟೆಗೆ ಇಳಿಯುತ್ತದೆ. ಪ್ಲೇನರ್‌ನಲ್ಲಿ ವಿಕೃತಿ ಕಡಿಮೆಯಿರುವುದರಿಂದ ಧ್ವನಿ ಜೋರಾದರೂ ಕರ್ಕಶವೆನಿಸುವುದಿಲ್ಲ, ಹೀಗಾಗಿ ಕೇಳುಗನಿಗೆ ಅಪಾಯದ ಸುಳಿವೂ ಸಿಗುವುದಿಲ್ಲ. ಒಳಕಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ರಸ್ತೆಗೆ ಮುಖಮಾಡಿದ ಕೋಣೆಯಲ್ಲಿ ವಾಸಿಸುವವರಿಗೆ ಬೆನ್ನು ಮುಚ್ಚಿದ, ಅಗ್ಗದ ಹೆಡ್‌ಫೋನ್ ಹೆಚ್ಚು ಸಂಗೀತವನ್ನು ಕೇಳಿಸಬಲ್ಲದು ಎಂಬುದು ವಿಚಿತ್ರವೆನಿಸಿದರೂ ಸತ್ಯ.

ಉದ್ಯಮವೂ ಮರದ ಮೋಹದಿಂದ ಭಾಗಶಃ ಸರಿಯುತ್ತಿದೆ. 2023ರ ಆಗಸ್ಟ್‌ನಲ್ಲಿ ಸೋನಿ ಇಂಟರ್‌ಆಕ್ಟಿವ್ ಎಂಟರ್‌ಟೇನ್‌ಮೆಂಟ್ ಸಂಸ್ಥೆ ಆಡಿಜ್ ಅನ್ನು ಖರೀದಿಸುವುದಾಗಿ ಪ್ರಕಟಿಸಿತು. ಪ್ಲೇಸ್ಟೇಷನ್ ತಯಾರಕರ ಕಣ್ಣು ವಿಡಿಯೊ ಗೇಮ್ ಆಡುವವರ ಮೇಲಿದೆ. ಅವರಿಗೆಂದೇ ಬಂದ ಆಡಿಜ್ ಮ್ಯಾಕ್ಸ್‌ವೆಲ್ ಹೆಡ್‌ಸೆಟ್ ಒಳಗೆ ಇರುವುದೂ ಪ್ಲೇನರ್ ಹಾಳೆಯೇ. ಅದಕ್ಕೆ ತಂತಿಯಿಲ್ಲ, ಬೆನ್ನು ಮುಚ್ಚಿದೆ, ಮರದ ಸುಳಿವೂ ಇಲ್ಲ. ಬಿಡುಗಡೆಯಾದಾಗ ಅದರ ಬೆಲೆ ಸುಮಾರು 300 ಡಾಲರ್, ಮರದ ಎಲ್‌ಸಿಡಿ-2ರ ಮೂರನೇ ಒಂದು ಭಾಗ.